ಫಾರ್ಮ್ಯಾಟ್ ಆದ ಹಾರ್ಡ್ ಡಿಸ್ಕ್: ಫೈಲ್ ಎಲ್ಲಿಗೂ ಹೋಗಿಲ್ಲ, ನೀವು ಮುಟ್ಟದಿದ್ದರೆ

ಹಾರ್ಡ್ ಡಿಸ್ಕ್ ಫಾರ್ಮ್ಯಾಟ್ ಆಗಿಹೋಯ್ತು ಅಂತ ಫೋನ್ ಮಾಡುವವರು ಮೊದಲು ಕೇಳುವುದು "ಯಾವ ಸಾಫ್ಟ್‌ವೇರ್ ಹಾಕ್ಲಿ?" ಎಂದು. ನಾನು ವಾಪಸ್ ಕೇಳುವುದು ಬೇರೆ: "ಫಾರ್ಮ್ಯಾಟ್ ಆದಮೇಲೆ ಅದರೊಳಗೆ ಏನಾದ್ರೂ ಹಾಕಿದ್ರಾ?" ಏನೂ ಹಾಕಿಲ್ಲ ಅಂದರೆ ಅರ್ಧ ಗೆದ್ದ ಹಾಗೆ. "ಸರಿ ಆಯ್ತಾ ಅಂತ ನೋಡಕ್ಕೆ ಎರಡು ಸಿನಿಮಾ ಕಾಪಿ ಮಾಡ್ದೆ ಮಾರಾಯ" ಅಂದರೆ ಲೆಕ್ಕ ಬೇರೆಯಾಗುತ್ತದೆ. ಸಾಫ್ಟ್‌ವೇರ್ ಯಾವುದು ಎಂಬುದು ಆಮೇಲಿನ ಮಾತು.

ನಮ್ಮ ಕಡೆ ಈ ಅನಾಹುತ ಹೆಚ್ಚಾಗಿ ಎರಡು ದಾರಿಯಲ್ಲಿ ಬರುತ್ತದೆ. ಒಂದು, ಮಳೆಗಾಲದ ಕರೆಂಟ್. ಹೊಸನಗರದಲ್ಲೋ ಆಗುಂಬೆ ಕಡೆಯೋ ಯಾರೋ ಮದುವೆ ಫೋಟೋಗಳನ್ನು ಕಂಪ್ಯೂಟರ್‌ನಿಂದ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡುತ್ತಿರುತ್ತಾರೆ. ಮಧ್ಯದಲ್ಲಿ ಲೈನ್ ಹೋಗುತ್ತದೆ. ಕರೆಂಟ್ ಬಂದಮೇಲೆ ಡಿಸ್ಕ್ ಚುಚ್ಚಿದರೆ ವಿಂಡೋಸ್ ಒಂದು ಡಬ್ಬಿ ತೋರಿಸುತ್ತದೆ: ಈ ಡಿಸ್ಕ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಗಾಬರಿಯಲ್ಲಿ ಹೂಂ ಎಂದು ಒತ್ತಿಬಿಡುತ್ತಾರೆ. ಇನ್ನೊಂದು, ಸ್ಲೋ ಆದ ಕಂಪ್ಯೂಟರ್‌ಗೆ ಹೊಸದಾಗಿ ವಿಂಡೋಸ್ ಹಾಕಿಸುವುದು. "ಸಿ ಡ್ರೈವ್ ಮಾತ್ರ" ಎಂದು ಹೇಳಿ ಕೊಟ್ಟಿರುತ್ತೀರಿ. ವಾಪಸ್ ಬರುವಾಗ ಡಿ ಡ್ರೈವ್ ಕೂಡ ಬೋಳಾಗಿರುತ್ತದೆ.

ಮೊದಲನೆಯದರ ಬಗ್ಗೆ ಇಲ್ಲೇ ಒಂದು ಮಾತು. ಆ ಡಬ್ಬಿ ಬಂದರೆ ಬೇಡ ಎಂದು ಒತ್ತಿ ಡಿಸ್ಕ್ ತೆಗೆದಿಡಿ. ಆ ಹೊತ್ತಿಗೆ ಫೈಲ್‌ಗಳೆಲ್ಲ ಇರುವಲ್ಲೇ ಇರುತ್ತವೆ. ಕೆಟ್ಟಿರುವುದು ಡಿಸ್ಕ್‌ನ ಶುರುವಿನಲ್ಲಿರುವ ಚಿಕ್ಕ ಭಾಗ ಮಾತ್ರ ಇರಬಹುದು. ಎನ್‌ಟಿಎಫ್‌ಎಸ್ (ವಿಂಡೋಸ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ) ಡಿಸ್ಕ್ ಆದರೆ ಬೂಟ್ ಸೆಕ್ಟರ್ ಎಂಬ ಆ ಭಾಗದ ಒಂದು ನಕಲು ಪಾರ್ಟಿಷನ್‌ನ, ಎಂದರೆ ಡಿಸ್ಕ್‌ನ ಆ ಪಾಲಿನ, ಕೊನೆಯಲ್ಲೂ ಇರುತ್ತದೆ. ಅದನ್ನು ಮುಂದಕ್ಕೆ ತಂದು ಹಾಕಿದರೆ ಎಷ್ಟೋ ಸಲ ಡಿಸ್ಕ್ ಹಾಗೇ ತೆರೆದುಕೊಳ್ಳುತ್ತದೆ. ಫಾರ್ಮ್ಯಾಟ್ ಮಾಡಿದಿರೋ, ಆ ನಕಲಿನ ಮೇಲೂ ಹೊಸದು ಕೂರುತ್ತದೆ. ಸುಲಭದ ದಾರಿ ಅಲ್ಲಿಗೆ ಮುಚ್ಚಿತು.

ಫಾರ್ಮ್ಯಾಟ್ ಎಂದರೆ ಡಿಸ್ಕ್‌ನೊಳಗೆ ಆಗುವುದೇನು?

ಒಂದು ಲೆಕ್ಕ ಹಾಕಿ ನೋಡೋಣ. 1 ಟಿಬಿ ಡಿಸ್ಕ್ ಇದೆ. ಸೆಕೆಂಡಿಗೆ ಸುಮಾರು 100 ಎಂಬಿ ಬರೆಯುತ್ತದೆ ಅಂದುಕೊಳ್ಳಿ. ಇಡೀ ಡಿಸ್ಕ್ ಅಳಿಸಿ ಬರೆಯಲು 10,000 ಸೆಕೆಂಡ್ ಬೇಕು. ಎಂದರೆ ಹತ್ತಿರ ಹತ್ತಿರ 3 ಗಂಟೆ. ನಿಮ್ಮ ಫಾರ್ಮ್ಯಾಟ್ ಎಷ್ಟು ಹೊತ್ತಲ್ಲಿ ಮುಗಿಯಿತು? ಹತ್ತು ಸೆಕೆಂಡಲ್ಲಿ, ಅಲ್ವಾ? ಅಷ್ಟು ಹೊತ್ತಲ್ಲಿ ಡಿಸ್ಕ್ ಬರೆದದ್ದು ಹೆಚ್ಚೆಂದರೆ 1 ಜಿಬಿ. ಉಳಿದದ್ದನ್ನು ಅದು ಮುಟ್ಟಲೇ ಇಲ್ಲ.

ಮುಟ್ಟಿದ್ದು ಯಾವುದನ್ನು ಎಂದರೆ, ಪಟ್ಟಿಯನ್ನು. ಡಿಸ್ಕ್‌ನಲ್ಲಿ ಎರಡು ಬಗೆಯ ಬರಹ ಇರುತ್ತದೆ. ಒಂದು ಫೋಟೋ, ವಿಡಿಯೋ, ಲೆಕ್ಕದ ಹಾಳೆಗಳ ನಿಜವಾದ ಡೇಟಾ. ಇನ್ನೊಂದು, ಯಾವ ಫೈಲ್ ಎಲ್ಲಿದೆ, ಅದರ ಹೆಸರೇನು, ಎಷ್ಟು ಉದ್ದ ಎಂಬ ದಾಖಲೆ. ತಾಲ್ಲೂಕು ಕಚೇರಿಯಲ್ಲಿ ಪಹಣಿ ಪುಸ್ತಕ ಕಳೆದುಹೋದರೆ ಅಡಿಕೆ ತೋಟ ಮಾಯ ಆಗುವುದಿಲ್ಲ. ಮರ ನಿಂತಲ್ಲೇ ನಿಂತಿರುತ್ತದೆ. ಯಾರ ತೋಟ, ಎಷ್ಟು ಎಕರೆ, ಗಡಿ ಎಲ್ಲಿ ಎಂದು ಹೇಳುವ ಕಾಗದ ಇಲ್ಲ, ಅಷ್ಟೇ. ಆ ಹತ್ತು ಸೆಕೆಂಡಿನ ಕ್ವಿಕ್ ಫಾರ್ಮ್ಯಾಟ್ ಮಾಡುವುದೂ ಅದನ್ನೇ. ಹಳೆಯ ಪಟ್ಟಿಯ ಜಾಗದಲ್ಲಿ ಖಾಲಿ ಪಟ್ಟಿ ಇಟ್ಟು, ಇಲ್ಲಿ ಯಾರೂ ಇಲ್ಲ, ಬೇಕಾದವರು ಬರಬಹುದು ಎಂದು ಹೇಳುತ್ತದೆ. ಮುಂದೆ ಬರುವ ಹೊಸ ಫೈಲ್ ಅದನ್ನು ನಂಬಿ ಹಳೆಯದರ ಮೇಲೆ ಕೂರುತ್ತದೆ. ಫೈಲ್ ನಿಜವಾಗಿ ಸಾಯುವುದು ಆಗ.

ಎನ್‌ಟಿಎಫ್‌ಎಸ್‌ನಲ್ಲಿ ಆ ಪಟ್ಟಿಗೆ ಎಂಎಫ್‌ಟಿ ಎನ್ನುತ್ತಾರೆ. ಒಂದೊಂದು ಫೈಲ್‌ಗೆ ಸಾಮಾನ್ಯವಾಗಿ 1 ಕೆಬಿಯ ಒಂದು ನಮೂದು. ಒಂದು ಲಕ್ಷ ಫೈಲ್ ಇದ್ದರೆ ಸುಮಾರು 100 ಎಂಬಿ ಪಟ್ಟಿ. ಹೊಸ ಖಾಲಿ ಪಟ್ಟಿ ಶುರುವಿನಲ್ಲಿ ಕೆಲವು ನೂರು ಕೆಬಿ ಜಾಗ ಹಿಡಿದರೆ ಹೆಚ್ಚು. ಹಾಗಾಗಿ ಹಳೆಯ ಪಟ್ಟಿಯ ತಲೆ ಮಾತ್ರ ಹೋಗಿ ದೇಹ ಹಾಗೇ ಉಳಿದಿರುತ್ತದೆ. ಫಾರ್ಮ್ಯಾಟ್ ಆದ ಡಿಸ್ಕ್‌ನಿಂದ ಹೆಸರು, ಫೋಲ್ಡರ್, ತಾರೀಖು ಸಮೇತ ಫೈಲ್ ವಾಪಸ್ ಬರುವುದು ಈ ಉಳಿಕೆಯಿಂದ.

ಇದರಲ್ಲಿ ಒಂದು ಸೂಕ್ಷ್ಮ ಇದೆ. ಜನ ಗಮನಿಸುವುದಿಲ್ಲ. ಫಾರ್ಮ್ಯಾಟ್ ಆದಮೇಲೆ ಒಂದು ದೊಡ್ಡ ಸಿನಿಮಾ ಕಾಪಿ ಮಾಡಿದರೆ ಅದು ಹಳೆಯ ಡೇಟಾವನ್ನು ತಿನ್ನುತ್ತದೆ, ಪಟ್ಟಿಯಲ್ಲಿ ಹಿಡಿಯುವುದು ಒಂದೇ ನಮೂದು. ಸಾವಿರಾರು ಚಿಕ್ಕ ಫೋಟೋ ಕಾಪಿ ಮಾಡಿದರೆ ಹೊಸ ಪಟ್ಟಿ ಬೆಳೆಯುತ್ತಾ ಹಳೆಯ ಪಟ್ಟಿಯ ಮೇಲೇ ಹಬ್ಬುತ್ತದೆ. ಆಗ ಡೇಟಾ ಜಾಸ್ತಿ ಹಾಳಾಗದಿದ್ದರೂ ಹೆಸರು, ಫೋಲ್ಡರ್ ಎಲ್ಲ ಹೋಗುತ್ತವೆ.

ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳ ಕಥೆ ಸ್ವಲ್ಪ ಬೇರೆ. 32 ಜಿಬಿವರೆಗಿನ ಕಾರ್ಡ್ ಹೆಚ್ಚಾಗಿ ಫ್ಯಾಟ್32 ಎಂಬ ಪದ್ಧತಿಯದು, ಅದಕ್ಕಿಂತ ದೊಡ್ಡದು ಎಕ್ಸ್‌ಫ್ಯಾಟ್ ಪದ್ಧತಿಯದು. ಫ್ಯಾಟ್32ರಲ್ಲಿ ಒಂದು ಫೈಲ್‌ನ ತುಂಡುಗಳು ಎಲ್ಲೆಲ್ಲಿವೆ ಎಂಬ ಕೊಂಡಿ ಒಂದೇ ಕೋಷ್ಟಕದಲ್ಲಿ ಇರುತ್ತದೆ. ಫಾರ್ಮ್ಯಾಟ್ ಆ ಕೋಷ್ಟಕವನ್ನು ಸೊನ್ನೆ ಮಾಡುತ್ತದೆ. ಫೈಲ್ ಎಲ್ಲಿ ಶುರು ಎಂದು ಗೊತ್ತಾಗಬಹುದು, ಮುಂದಿನ ತುಂಡು ಎಲ್ಲಿದೆ ಎಂದು ಗೊತ್ತಾಗದು. ಆದರೂ ಕ್ಯಾಮೆರಾ ಕಾರ್ಡ್‌ನ ಫೋಟೋಗಳು ಚೆನ್ನಾಗಿಯೇ ಸಿಗುತ್ತವೆ. ಖಾಲಿ ಕಾರ್ಡ್‌ಗೆ ಕ್ಯಾಮೆರಾ ಒಂದರ ಹಿಂದೆ ಒಂದು ಸಾಲಾಗಿ ಬರೆದಿರುತ್ತದೆ, ತುಂಡಾಗುವ ಪ್ರಸಂಗ ಕಡಿಮೆ.

ಇನ್ನು ಫುಲ್ ಫಾರ್ಮ್ಯಾಟ್. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದು ಕೆಟ್ಟ ಸೆಕ್ಟರ್ ಹುಡುಕುತ್ತಿತ್ತು, ಡೇಟಾ ಅಳಿಸುತ್ತಿರಲಿಲ್ಲ. ಅದರ ಮುಂದಿನ ವಿಂಡೋಸ್ ವಿಸ್ತಾದಿಂದ ಈಚೆಗೆ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. "ಫುಲ್ ಫಾರ್ಮ್ಯಾಟ್ ಆದ್ರೂ ಬರುತ್ತೆ" ಎಂದು ಈಗಲೂ ಕೆಲವರು ಹೇಳುವುದು ಆ ಹಳೆಯ ಅನುಭವದಿಂದ. ಸೊನ್ನೆ ಬರೆದಾದ ಜಾಗದಿಂದ ಏನೂ ಬರುವುದಿಲ್ಲ. ಕ್ವಿಕ್ ಫಾರ್ಮ್ಯಾಟ್ ಎಂಬ ಟಿಕ್ ವಿಂಡೋಸ್‌ನಲ್ಲಿ ಮೊದಲೇ ಹಾಕಿಯೇ ಇರುತ್ತದೆ, ಅದೊಂದು ಪುಣ್ಯ. ಫುಲ್ ಫಾರ್ಮ್ಯಾಟ್ ಶುರುವಾಗಿ ಮಧ್ಯದಲ್ಲಿ ನಿಲ್ಲಿಸಿದ್ದರೆ ಡಿಸ್ಕ್‌ನ ಶುರುವಿನ ಭಾಗ ಹೋಗಿರುತ್ತದೆ, ಕೊನೆಯ ಭಾಗ ಉಳಿದಿರುತ್ತದೆ.

ವಿಂಡೋಸ್ ಹಾಕಿಸಿ ಕಳೆದುಕೊಂಡವರಿಗೆ

ಇಲ್ಲಿ ಎರಡು ಸಂಗತಿ ಬೇರೆ ಮಾಡಿ ನೋಡಬೇಕು. ಡಿ ಡ್ರೈವ್‌ನ ಪಾರ್ಟಿಷನ್ ಅಳಿಸಿ ಸುಮ್ನೆ ಬಿಟ್ಟಿದ್ದರೆ ಹೋಗಿರುವುದು ಗಡಿಯ ವಿವರ ಮಾತ್ರ. ಹಳೆಯ ಬಗೆಯ ಡಿಸ್ಕ್‌ನಲ್ಲಿ ಅದು ಮೊದಲ 512 ಬೈಟ್‌ನ ಸೆಕ್ಟರಿನಲ್ಲೇ ಇರುತ್ತದೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ಸಾಧನ ಡಿಸ್ಕ್ ಜಾಲಾಡಿ ಹಳೆಯ ಗಡಿ ಕಂಡುಹಿಡಿಯುತ್ತದೆ. ಒಪ್ಪಿಗೆ ಕೊಟ್ಟರೆ ಇಡೀ ಡ್ರೈವ್ ಮೊದಲಿನ ಹಾಗೆ ಬಂದು ಕೂರುತ್ತದೆ. ನೋಡಿದವರಿಗೆ ಪವಾಡ ಅನ್ನಿಸುತ್ತದೆ.

ಸಿ ಡ್ರೈವ್‌ನ ಡೆಸ್ಕ್‌ಟಾಪ್ ಮೇಲೆ, ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿ ಇಟ್ಟಿದ್ದ ಫೈಲ್‌ಗಳಿಗೆ ಆ ಅದೃಷ್ಟ ಕಡಿಮೆ. ಹೊಸ ವಿಂಡೋಸ್ 20 ಜಿಬಿಗೂ ಜಾಸ್ತಿ ಜಾಗದ ಮೇಲೆ ಬರೆದಿರುತ್ತದೆ, ಅದೂ ಲಕ್ಷಗಟ್ಟಲೆ ಚಿಕ್ಕ ಫೈಲ್‌ಗಳಾಗಿ. ಕಂಪ್ಯೂಟರ್ ಆನ್ ಇದ್ದಷ್ಟು ಹೊತ್ತೂ ಅಪ್‌ಡೇಟ್, ಬ್ರೌಸರ್ ಎಂದು ಬರೆಯುತ್ತಲೇ ಇರುತ್ತದೆ. ಅದಕ್ಕೇ ನಾನು ಹೇಳುವುದು: ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್ ಬಿಚ್ಚಿ, ಬೇರೆ ಕಂಪ್ಯೂಟರ್‌ಗೆ ಹಾಕಿ ಹುಡುಕಿ. ಅದೇ ಕಂಪ್ಯೂಟರ್‌ನಲ್ಲಿ ರಿಕವರಿ ಸಾಫ್ಟ್‌ವೇರ್ ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡುವುದು ಎಲ್ಲರೂ ಮೊದಲು ಮಾಡುವ ಕೆಲಸ. ಹುಡುಕುತ್ತಿರುವ ಫೈಲ್‌ನ ಮೇಲೇ ಆ ಸಾಫ್ಟ್‌ವೇರ್ ಕೂತುಬಿಟ್ಟರೆ ಯಾರನ್ನು ಬೈಯುವುದು?

ಎಸ್‌ಎಸ್‌ಡಿ ಆದರೆ ಆಸೆ ಇಟ್ಟುಕೊಳ್ಳಬೇಡಿ

ಇಲ್ಲಿವರೆಗೆ ಹೇಳಿದ್ದೆಲ್ಲ ತಿರುಗುವ ತಟ್ಟೆಯ ಹಾರ್ಡ್ ಡಿಸ್ಕ್‌ಗೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಇರುವುದು ಎಸ್‌ಎಸ್‌ಡಿ, ತಟ್ಟೆ ಇಲ್ಲದೆ ಚಿಪ್‌ಗಳಲ್ಲೇ ಡೇಟಾ ಇಡುವಂಥದ್ದು. ಅದಕ್ಕೊಂದು ಅಭ್ಯಾಸ ಇದೆ. ಫೈಲ್ ಅಳಿಸಿದಾಗ, ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಎಸ್‌ಎಸ್‌ಡಿಗೆ "ಈ ಜಾಗ ಇನ್ನು ಬೇಡ" ಎಂದು ತಿಳಿಸುತ್ತದೆ. ಟ್ರಿಮ್ ಎಂದು ಅದರ ಹೆಸರು. 2009ರ ವಿಂಡೋಸ್ 7ರಿಂದ ಇದೆ. ಆ ಮಾತು ಕೇಳಿದ ಎಸ್‌ಎಸ್‌ಡಿ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿಯೇ ತೊಳೆದಿಡುತ್ತದೆ. ಖಾಲಿ ಜಾಗದಲ್ಲಿ ಬರೆಯುವುದು ಅದಕ್ಕೆ ವೇಗ. ತೊಳೆಯುವ ಮೊದಲೂ ಆ ಜಾಗ ಓದಲು ಹೋದರೆ ಬಹಳಷ್ಟು ಎಸ್‌ಎಸ್‌ಡಿಗಳು ಸೊನ್ನೆಯನ್ನೇ ಕೊಡುತ್ತವೆ.

ಹೀಗಾಗಿ ಲ್ಯಾಪ್‌ಟಾಪ್ ಒಳಗಿನ ಎಸ್‌ಎಸ್‌ಡಿ ಫಾರ್ಮ್ಯಾಟ್ ಆಗಿದ್ದರೆ ಹೆಚ್ಚಿನ ಸಲ ಏನೂ ಸಿಗುವುದಿಲ್ಲ. ನೂರಕ್ಕೆ ನೂರು ತೆಗೆದುಕೊಡ್ತೀವಿ ಎಂದು ದುಡ್ಡು ಕೇಳುವವರನ್ನು ನಂಬಬೇಡಿ. ಹಳೆಯ ಯುಎಸ್‌ಬಿ ಡಬ್ಬಿಯಲ್ಲಿ ಹಾಕಿದ ಎಸ್‌ಎಸ್‌ಡಿಗೆ ಟ್ರಿಮ್ ತಲುಪದೇ ಇರುವುದೂ ಉಂಟು, ಆಗ ಪ್ರಯತ್ನಿಸಬಹುದು. ಸಾಮಾನ್ಯ ಪೆನ್‌ಡ್ರೈವ್‌ಗೆ ಈ ಕಾಟ ಇಲ್ಲ.

ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದ ಡಿಸ್ಕ್ ಆದರೂ ಇದೇ ಪಾಡು. ಡೇಟಾ ಇರುತ್ತದೆ, ಆದರೆ ಗುಪ್ತಭಾಷೆಯಲ್ಲಿ. 48 ಅಂಕಿಯ ರಿಕವರಿ ಕೀ ಇಲ್ಲದಿದ್ದರೆ ಅದು ಬರೀ ಕಸ. ಫಾರ್ಮ್ಯಾಟ್ ಆದಮೇಲೆ ಕೀ ಇದ್ದರೂ ಖಾತ್ರಿ ಇಲ್ಲ, ಆ ಕೀ ಬಳಸಿ ಬಿಡಿಸಲು ಬೇಕಾದ ವಿವರವೇ ಅಳಿದಿರಬಹುದು.

ಕೆಲಸಕ್ಕೆ ಕೂರುವ ಮೊದಲು

ಮೊದಲ ಕೆಲಸ ನಕಲು. ಫೈಲ್ ಕಳೆದುಹೋದ ಡಿಸ್ಕ್‌ಗಿಂತ ದೊಡ್ಡ ಇನ್ನೊಂದು ಡಿಸ್ಕ್ ತಂದು, ಮೊದಲ ಸೆಕ್ಟರಿನಿಂದ ಕೊನೆಯವರೆಗೆ ಇದ್ದ ಹಾಗೇ ಒಂದು ಇಮೇಜ್ ಮಾಡಿಕೊಳ್ಳುವುದು. ಫೈಲ್ ಕಾಪಿ ಅಲ್ಲ ಇದು, ಖಾಲಿ ಎಂದು ತೋರುವ ಜಾಗವೂ ಸೇರಿ ಬರಬೇಕು. ಆಮೇಲಿನ ಹುಡುಕಾಟವೆಲ್ಲ ಆ ಇಮೇಜ್ ಮೇಲೆ. ಮೂಲ ಡಿಸ್ಕ್ ಕಪಾಟಿನಲ್ಲಿ ಇರಲಿ. ಹೊಸ ಡಿಸ್ಕ್‌ಗೆ ಸಾವಿರಗಟ್ಟಲೆ ಯಾಕೆ ಸುರಿಯಲಿ ಅನ್ನಿಸಬಹುದು. ಮಗಳ ಮದುವೆ ಫೋಟೋ ಇರುವ ಡಿಸ್ಕ್ ಆದರೆ ಅದು ಜಾಸ್ತಿ ಅಲ್ಲ, ಮತ್ತೆ ಹೇಗೂ ಆ ಡಿಸ್ಕ್ ಬ್ಯಾಕಪ್‌ಗೆ ಬೇಕಾಗುತ್ತದೆ.

ಲಿನಕ್ಸ್ (ವಿಂಡೋಸ್‌ನಂಥದೇ ಒಂದು ಉಚಿತ ವ್ಯವಸ್ಥೆ) ಹಾಕಿದ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಶುರು ಮಾಡಿ ಡಿಡಿರೆಸ್ಕ್ಯೂ ಎಂಬ ನಕಲು ಸಾಧನ ಓಡಿಸುವುದು ನನಗೆ ಇಷ್ಟವಾದ ದಾರಿ. ಅದು ಮೊದಲು ಸಲೀಸಾಗಿ ಓದಲು ಬರುವ ಭಾಗವನ್ನು ಎತ್ತಿಕೊಂಡು, ಕೆಟ್ಟ ಜಾಗಕ್ಕೆ ಕೊನೆಯಲ್ಲಿ ಕೈ ಹಾಕುತ್ತದೆ. ಎಲ್ಲಿವರೆಗೆ ಓದಿದೆ ಎಂದು ಒಂದು ಫೈಲಿನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಮಲೆನಾಡಿಗೆ ಇದು ಹೇಳಿ ಮಾಡಿಸಿದ್ದು. 1 ಟಿಬಿ ಡಿಸ್ಕ್ ಯುಎಸ್‌ಬಿ 3ರಲ್ಲಿ 3 ಗಂಟೆ, ಹಳೆಯ ಯುಎಸ್‌ಬಿ 2ರಲ್ಲಿ 8-9 ಗಂಟೆ ಹಿಡಿಯುತ್ತದೆ. ಜುಲೈ ತಿಂಗಳಲ್ಲಿ ತೀರ್ಥಹಳ್ಳಿ ಕಡೆ 9 ಗಂಟೆ ಒಂದೇ ಸಮ ಕರೆಂಟ್ ಇರುತ್ತದೆ ಎಂದು ಯಾರು ಹೇಳಬಲ್ಲರು? ನಡುವೆ ನಿಂತರೂ ಆಜ್ಞೆ ಮತ್ತೆ ಕೊಟ್ಟರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್‌ನಲ್ಲಿ ಮಾಡಿದರೆ ಇನ್ನೂ ಒಳ್ಳೆಯದು. ಅಲ್ಲೂ ಒಂದು ಎಚ್ಚರ. ಅಂಗೈ ಅಗಲದ ಚಿಕ್ಕ ಎಕ್ಸ್‌ಟರ್ನಲ್ ಡಿಸ್ಕ್ ಯುಎಸ್‌ಬಿಯಿಂದಲೇ ಕರೆಂಟ್ ತಗೊಳ್ಳುತ್ತದೆ. ದಪ್ಪ ಡಿಸ್ಕ್‌ಗೆ ಬೇರೆ ಅಡಾಪ್ಟರ್ ಇರುತ್ತದೆ, ಲೈನ್ ಹೋದರೆ ಲ್ಯಾಪ್‌ಟಾಪ್ ಬದುಕಿದ್ದರೂ ಡಿಸ್ಕ್ ನಿಲ್ಲುತ್ತದೆ. ಅದನ್ನು ಇನ್ವರ್ಟರ್ ಲೈನಿಗೆ ಹಾಕಿ. ಇನ್ವರ್ಟರಿನಲ್ಲಿ ಯುಪಿಎಸ್ ಮೋಡ್ ಇದ್ದರೆ ಅದಕ್ಕೆ ತಿರುಗಿಸಿ, ಇಲ್ಲದಿದ್ದರೆ ಲೈನ್ ಬದಲಾಗುವ ಆ ಕ್ಷಣದಲ್ಲೇ ಡೆಸ್ಕ್‌ಟಾಪ್ ರೀಸ್ಟಾರ್ಟ್ ಆಗಬಹುದು. ಏಪ್ರಿಲ್-ಮೇ ಗುಡುಗು ಮಳೆ ಶುರುವಾದರೆ ಎಲ್ಲ ನಿಲ್ಲಿಸಿ ಪ್ಲಗ್ ಕಿತ್ತಿಡಿ. ಸಿಡಿಲಿಗೆ ಸುಟ್ಟ ಡಿಸ್ಕ್‌ನ ಮುಂದೆ ಯಾವ ಸಾಫ್ಟ್‌ವೇರೂ ಇಲ್ಲ.

ಡಿಸ್ಕ್ ಟಕ್ ಟಕ್ ಎಂದು ಸದ್ದು ಮಾಡುತ್ತಿದ್ದರೆ, ಅಥವಾ ತಿರುಗಲೇ ಒದ್ದಾಡುತ್ತಿದ್ದರೆ, ಇದ್ಯಾವುದನ್ನೂ ಮಾಡಬೇಡಿ. ಅದು ಯಂತ್ರದ ಕಾಯಿಲೆ. ತಿರುಗುವ ತಟ್ಟೆಯಿಂದ ಓದುವ ಹೆಡ್‌ಗೆ ಇರುವ ಅಂತರ ಕೆಲವೇ ನ್ಯಾನೋಮೀಟರ್. ಮುಚ್ಚಳ ತೆಗೆದು ನೋಡೋಣ ಎನ್ನುವವರ ಕೈಗೆ ಕೊಡಬೇಡಿ, ಒಂದು ಧೂಳಿನ ಕಣ ಸಾಕು. ಅಂಥದ್ದನ್ನು ಬೆಂಗಳೂರಿನ ಕ್ಲೀನ್ ರೂಂ ಇರುವ ಲ್ಯಾಬ್‌ಗೇ ಕಳಿಸಬೇಕು. ಖರ್ಚು ಸಾವಿರಗಳಲ್ಲಿ ಬರುತ್ತದೆ. ಮೊದಲೇ ದರ ಕೇಳಿ, ಸಿಗದಿದ್ದರೆ ಎಷ್ಟು ಕೊಡಬೇಕು ಎಂದೂ ಕೇಳಿ.

ಹುಡುಕುವ ಎರಡು ಬಗೆ

ಮೊದಲ ಬಗೆ, ಉಳಿದಿರುವ ಹಳೆಯ ಪಟ್ಟಿ ಓದುವುದು. ಡಿಎಂಡಿಇ, ಆರ್-ಸ್ಟುಡಿಯೋದಂಥ ರಿಕವರಿ ಸಾಫ್ಟ್‌ವೇರ್‌ಗಳು ಇದರಲ್ಲಿ ಗಟ್ಟಿ. ಮೈಕ್ರೋಸಾಫ್ಟ್ 2020ರಲ್ಲಿ ವಿಂಡೋಸ್ ಫೈಲ್ ರಿಕವರಿ ಎಂಬ ಉಚಿತ ಸಾಧನ ಕೊಟ್ಟಿತು, ಆದರೆ ಅದಕ್ಕೆ ಆಜ್ಞೆ ಟೈಪ್ ಮಾಡಬೇಕು. ಯಾವಾಗಲೂ ಈ ಬಗೆಯನ್ನೇ ಮೊದಲು ಪ್ರಯತ್ನಿಸಿ. ಹೆಸರು ಸಮೇತ ಬಂದರೆ ಮುಂದಿನ ತಲೆನೋವೇ ಇಲ್ಲ. ದುಡ್ಡಿನ ಸಾಫ್ಟ್‌ವೇರ್‌ಗಳು ಸಾಮಾನ್ಯವಾಗಿ ಸಿಕ್ಕ ಫೈಲ್‌ಗಳ ಪಟ್ಟಿ, ಪ್ರಿವ್ಯೂ ಪುಕ್ಕಟೆ ತೋರಿಸುತ್ತವೆ. ಪ್ರಿವ್ಯೂನಲ್ಲಿ ಫೋಟೋ ತೆರೆದುಕೊಂಡರೆ ಮಾತ್ರ ದುಡ್ಡು ಕೊಡಿ. ಬರೀ ಹೆಸರು ಕಂಡರೆ ಸಾಲದು, ಹೆಸರು ಉಳಿದು ಡೇಟಾ ಹೋಗಿರುವುದೂ ಇದೆ. ಕ್ರ್ಯಾಕ್ ಮಾಡಿದ ರಿಕವರಿ ಸಾಫ್ಟ್‌ವೇರ್ ತಂದು ಹಾಕುವ ಚಾಳಿ ಬಿಡಿ. ಫೈಲ್ ಹುಡುಕಲು ಹೋಗಿ ವೈರಸ್ ತಂದುಕೊಳ್ಳುವುದು ಯಾಕೆ?

ಎರಡನೆಯ ಬಗೆ, ಪಟ್ಟಿಯ ಗೊಡವೆಯೇ ಇಲ್ಲದೆ ಡಿಸ್ಕ್‌ನ ಒಂದೊಂದು ಸೆಕ್ಟರನ್ನೂ ಓದಿ ಫೈಲ್‌ನ ಗುರುತು ಹುಡುಕುವುದು. ಪ್ರತಿ ಬಗೆಯ ಫೈಲ್‌ಗೂ ಶುರುವಿನಲ್ಲಿ ಒಂದು ಗುರುತು ಇದೆ. ಜೆಪೆಗ್ ಫೋಟೋ ಎಂದರೆ ಎಫ್‌ಎಫ್, ಡಿ8, ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಶುರು. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದಾದಮೇಲೆ ಪಿಡಿಎಫ್ ಎಂಬ ಅಕ್ಷರಗಳೇ. ಜಿಪ್ ಫೈಲ್ ಪಿ, ಕೆ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತದೆ, ಜಿಪ್ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನದು. ಈಗಿನ ವರ್ಡ್, ಎಕ್ಸೆಲ್ ಫೈಲ್‌ಗಳೂ ಒಳಗೆ ಜಿಪ್ಪೇ, ಅವಕ್ಕೂ ಅದೇ ಗುರುತು. ಫ್ರಾನ್ಸಿನ ಕ್ರಿಸ್ಟೋಫ್ ಗ್ರೆನಿಯೆ ಬರೆದ ಫೋಟೋರೆಕ್ ಇಂಥ ನೂರಾರು ಗುರುತು ಬಲ್ಲದು. ಟೆಸ್ಟ್‌ಡಿಸ್ಕ್ ಅವರದೇ, ಎರಡೂ ಉಚಿತ. ಹೆಸರಲ್ಲಿ ಫೋಟೋ ಇದ್ದರೂ ಎಲ್ಲ ಬಗೆಯ ಫೈಲ್ ತೆಗೆಯುತ್ತದೆ.

ಈ ದಾರಿಯಲ್ಲಿ ಹೆಸರು ಸಿಗುವುದಿಲ್ಲ. ಎಫ್ ಅಕ್ಷರದ ಮುಂದೆ ಒಂದಷ್ಟು ಅಂಕಿ, ಅದೇ ಹೆಸರು. ತುಂಡಾಗಿದ್ದ ಫೈಲ್ ಅರ್ಧ ಬರುತ್ತದೆ. ಫೋಟೋದ ಮೇಲರ್ಧದಲ್ಲಿ ಮದುಮಗಳು, ಕೆಳಗರ್ಧ ಬೂದು ಬಣ್ಣ. ವಿಡಿಯೋಗಳಿಗೆ ಪೆಟ್ಟು ಜಾಸ್ತಿ. ಎಷ್ಟೋ ಕ್ಯಾಮೆರಾಗಳು ಎಂಪಿ4 ಫೈಲ್‌ನ ಸೂಚಿಯನ್ನು ಕೊನೆಯಲ್ಲಿ ಬರೆಯುತ್ತವೆ. ರಾತ್ರಿಯಿಡೀ ನಡೆದ ಯಕ್ಷಗಾನದ ದೊಡ್ಡ ರೆಕಾರ್ಡಿಂಗ್ ಡಿಸ್ಕ್‌ನಲ್ಲಿ ತುಂಡಾಗಿ ಕೂತಿದ್ದರೆ ಆ ಸೂಚಿ ಸೇರಿಕೊಳ್ಳದೆ ಫೈಲ್ ತೆರೆಯುವುದೇ ಇಲ್ಲ.

ಸಿಕ್ಕಿದ್ದನ್ನು ಮೂಲ ಡಿಸ್ಕ್‌ಗೇ ಎಂದೂ ಸೇವ್ ಮಾಡಬೇಡಿ. ಇದನ್ನು ಹೇಳಿದರೂ ಮಾಡುವವರಿದ್ದಾರೆ.

ಕನ್ನಡದ ಫೈಲ್ ಹುಡುಕುವುದು ಇನ್ನೊಂದು ಪರದಾಟ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿರುವ ಒಬ್ಬರ ಪ್ರಬಂಧ ಹೋಗಿದೆ ಅಂದುಕೊಳ್ಳಿ. ಫೋಟೋರೆಕ್ ಓಡಿಸಿದರೆ ಹೆಸರಿಲ್ಲದ ಸಾವಿರಾರು ವರ್ಡ್ ಫೈಲ್ ಬರುತ್ತವೆ. ಒಂದೊಂದೇ ತೆರೆದು ನೋಡಲು ಆಗುತ್ತದಾ? ಫೈಲ್ ಒಳಗಿನ ಪದ ಹಿಡಿದು ಹುಡುಕಬೇಕು. ಯುನಿಕೋಡ್‌ನಲ್ಲಿ ಟೈಪ್ ಮಾಡಿದ್ದರೆ "ಕೆಳದಿ" ಎಂದು ಹುಡುಕಿದರೆ ಕೆಳದಿ ಸಿಗುತ್ತದೆ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ್ದರೆ ಸಿಗುವುದಿಲ್ಲ. ಅಲ್ಲಿ ತೆರೆಯ ಮೇಲೆ ಕಾಣುವುದು ಕನ್ನಡ, ಫೈಲ್ ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದಕ್ಕೆ ಉಪಾಯ, ನುಡಿಯಲ್ಲೇ ಆ ಪದ ಟೈಪ್ ಮಾಡಿ, ಕಾಪಿ ಮಾಡಿ, ಅದನ್ನೇ ಹುಡುಕುವ ಡಬ್ಬಿಗೆ ಹಾಕುವುದು. ಡಬ್ಬಿಯಲ್ಲಿ ಅದು ವಿಚಿತ್ರವಾಗಿ ಕಾಣುತ್ತದೆ, ಕಾಣಲಿ. ಇನ್ನೂ ಸುಲಭದ್ದು ಅಂಕಿ. ಸೊಸೈಟಿ ಲೆಕ್ಕ, ಜಮೀನಿನ ಕಾಗದ ಆದರೆ ಸರ್ವೆ ನಂಬರೋ ಖಾತೆ ನಂಬರೋ ಹಾಕಿ ನೋಡಿ.

ಫೋಟೋಗಳಿಗೆ ಇಷ್ಟು ಕಷ್ಟ ಇಲ್ಲ. ಕ್ಯಾಮೆರಾ ಪ್ರತಿ ಫೋಟೋದ ಒಳಗೇ ತೆಗೆದ ದಿನ, ಹೊತ್ತು ಬರೆದಿರುತ್ತದೆ. ಆ ತಾರೀಖಿನ ಪ್ರಕಾರ ಜೋಡಿಸಿದರೆ ಮುಹೂರ್ತ, ಊಟ, ಹೆಣ್ಣೊಪ್ಪಿಸುವುದು ಎಲ್ಲ ಸಾಲಾಗಿ ಬರುತ್ತವೆ. ಅದಕ್ಕೂ ಮೊದಲು ಗಾತ್ರ ನೋಡಿ ಚಿಕ್ಕವನ್ನು ಬದಿಗೆ ಸರಿಸಿ. 50 ಕೆಬಿಗಿಂತ ಕಡಿಮೆ ಇರುವ ಚಿತ್ರಗಳಲ್ಲಿ ಹೆಚ್ಚಿನವು ಬ್ರೌಸರ್ ಉಳಿಸಿಕೊಂಡ ಕಸ, ಥಂಬ್‌ನೇಲ್.

ಇದೇ ತಿಳುವಳಿಕೆ ಉಲ್ಟಾ ಹಾಕಿ

ಕ್ವಿಕ್ ಫಾರ್ಮ್ಯಾಟ್ ಮಾಡಿದ ಡಿಸ್ಕ್‌ನಿಂದ ನಿಮಗೆ ಫೈಲ್ ಸಿಗುತ್ತದೆ ಎಂದರೆ, ನೀವು ಎಕ್ಸ್‌ಚೇಂಜ್‌ಗೆ ಕೊಟ್ಟ, ಗುಜರಿಗೆ ಹಾಕಿದ ಡಿಸ್ಕ್‌ನಿಂದ ಬೇರೆಯವರಿಗೂ ಸಿಗುತ್ತದೆ. ಸೊಸೈಟಿ, ಆಡಿಟರ್ ಆಫೀಸು, ಜೆರಾಕ್ಸ್ ಅಂಗಡಿಗಳ ಹಳೆಯ ಕಂಪ್ಯೂಟರ್‌ಗಳಲ್ಲಿ ಊರವರ ಆಧಾರ್, ಪಾಸ್‌ಬುಕ್ ನಕಲುಗಳೇ ತುಂಬಿರುತ್ತವೆ. ಕೊಡುವ ಮೊದಲು ಕ್ವಿಕ್ ಎಂಬ ಟಿಕ್ ತೆಗೆದು ಫುಲ್ ಫಾರ್ಮ್ಯಾಟ್ ಮಾಡಿ, ರಾತ್ರಿ ಹಚ್ಚಿ ಮಲಗಿದರೆ ಬೆಳಿಗ್ಗೆ ಮುಗಿದಿರುತ್ತದೆ. 35 ಸಲ ಅಳಿಸಿ ಬರೆಯಬೇಕು ಎಂಬ ಮಾತು ಪೀಟರ್ ಗುಟ್‌ಮನ್ 1996ರಲ್ಲಿ ಬರೆದ ಪ್ರಬಂಧದಿಂದ ಬಂದದ್ದು. ಅದು ಆಗಿನ ಡಿಸ್ಕ್‌ಗಳ ಲೆಕ್ಕ. ಈಗಿನದಕ್ಕೆ ಒಂದು ಸಲ ಸಾಕು. ಎಸ್‌ಎಸ್‌ಡಿ ಆದರೆ ತಯಾರಕರು ಕೊಡುವ ಸೆಕ್ಯೂರ್ ಎರೇಸ್ ಸಾಧನ ಬಳಸಿ. ಕೆಟ್ಟು ಆನ್ ಆಗದ ಡಿಸ್ಕ್ ಆದರೆ ಗುಜರಿಗೆ ಹಾಕುವ ಮೊದಲು ಡ್ರಿಲ್ಲಿಂಗ್ ಮಷಿನ್‌ನಲ್ಲಿ ತಟ್ಟೆಗೆ ಎರಡು ತೂತು ಹೊಡೆಸಿಬಿಡಿ.